ಪ್ರೊಪೊಲಿಸ್ ಕ್ಯಾಪ್ಸೂಲ್: ಡಬ್ಬಿಯ ಮೇಲಿನ ಅಂಕಿ ಬೇರೆ, ರಕ್ತದೊಳಗಿನ ಲೆಕ್ಕ ಬೇರೆ

ಪ್ರಶ್ನೆ: ನನಗೆ 52 ವರ್ಷ. ಟೈಪ್ 2 ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿದ್ದೇನೆ. ಪ್ರೊಪೊಲಿಸ್ ಬಹಳ ಒಳ್ಳೆಯ ಆಂಟಿಆಕ್ಸಿಡೆಂಟ್ ಎಂದು ಗೆಳೆಯರೊಬ್ಬರು ಹೇಳಿದರು. ಡಬ್ಬಿಯ ಮೇಲೆ ಓರಾಕ್ ಮೌಲ್ಯ ಎಂದು ಸಾವಿರಗಟ್ಟಲೆ ಅಂಕಿ ಬರೆದಿದ್ದಾರೆ. ನಿಜಕ್ಕೂ ಕೆಲಸ ಮಾಡುತ್ತದೆಯೇ? ಎಷ್ಟು ತೆಗೆದುಕೊಳ್ಳಬೇಕು, ಹನಿಯೋ ಕ್ಯಾಪ್ಸೂಲೋ? ಕಚ್ಚಾ ಪ್ರೊಪೊಲಿಸ್ ಸಿಕ್ಕರೆ ಮನೆಯಲ್ಲೇ ಟಿಂಚರ್ (ಆಲ್ಕೋಹಾಲ್ ಸಾರ) ಮಾಡಿಕೊಳ್ಳಬಹುದೇ?

ಉತ್ತರ: ಪ್ರೊಪೊಲಿಸ್‌ಗೆ ಮನುಷ್ಯರಲ್ಲಿ ಆಂಟಿಆಕ್ಸಿಡೆಂಟ್ ಪರಿಣಾಮ ಇದೆ, ಆದರೆ ಅದು ಸಣ್ಣದು. ಡಬ್ಬಿಯ ಮೇಲಿನ ಓರಾಕ್ ಅಂಕಿಗೂ ಆ ಪರಿಣಾಮಕ್ಕೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ನಿಮ್ಮ ಎರಡು ಔಷಧಿಗಳ ಜಾಗವನ್ನು ಇದು ತುಂಬಲಾರದು. ಜೇನಿನ ಪದಾರ್ಥಗಳಿಗೆ ಅಲರ್ಜಿ ಇಲ್ಲವೆಂದಾದರೆ, ವೈದ್ಯರಿಗೆ ತಿಳಿಸಿ ಮೂರು ತಿಂಗಳು ತೆಗೆದುಕೊಂಡು ನೋಡಲು ಅಡ್ಡಿಯಿಲ್ಲ. ಬೇಡವೆಂದು ಬಿಟ್ಟರೂ ಕಳೆದುಕೊಳ್ಳುವುದು ಏನೂ ಇಲ್ಲ.

ಪ್ರೊಪೊಲಿಸ್ ಎಂದರೆ ಜೇನ್ನೊಣಗಳು ಗಿಡಮರಗಳ ಮೊಗ್ಗು, ತೊಗಟೆಗಳಿಂದ ಕೆರೆದು ತಂದು, ಮೇಣದೊಂದಿಗೆ ಕಲಸಿ ಗೂಡಿನ ಸಂದಿಗೊಂದಿಗಳಿಗೆ ಮೆತ್ತುವ ಅಂಟು. ಕಚ್ಚಾ ಪದಾರ್ಥದಲ್ಲಿ ಸುಮಾರು ಅರ್ಧದಷ್ಟು ರಾಳ, ಶೇ 30ರಷ್ಟು ಮೇಣ, ಶೇ 10ರಷ್ಟು ಸುಗಂಧ ತೈಲ, ಉಳಿದದ್ದು ಪರಾಗ ಮತ್ತು ಇತರೆ. ನಮಗೆ ಬೇಕಾದದ್ದೆಲ್ಲ ಇರುವುದು ರಾಳದಲ್ಲಿ. ಆ ರಾಳದಲ್ಲಿ ಏನಿರುತ್ತದೆ ಎಂಬುದು ನೊಣ ಕೂತ ಗಿಡದ ಮೇಲೆ ನಿಂತಿದೆ. ಯುರೋಪ್, ಚೀನಾ ಕಡೆಯ ಪ್ರೊಪೊಲಿಸ್ ಮುಖ್ಯವಾಗಿ ಪಾಪ್ಲರ್ ಮರದ್ದು. ಅದರಲ್ಲಿ ಕ್ರೈಸಿನ್, ಗಲಾಂಜಿನ್, ಪಿನೊಸೆಂಬ್ರಿನ್ ಎಂಬ ಫ್ಲೇವನಾಯ್ಡ್‌ಗಳೂ ಕೆಫೀಕ್ ಆಮ್ಲದ ಎಸ್ಟರ್‌ಗಳೂ ಹೆಚ್ಚು. ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್ ಬಕಾರಿಸ್ ಎಂಬ ಪೊದೆಯದ್ದು. ಅದರ ಗುರುತು ಆರ್ಟೆಪಿಲಿನ್ ಸಿ. ಅಲ್ಲಿನ ಕೆಂಪು ಪ್ರೊಪೊಲಿಸ್‌ನ ಮೂಲ ಇನ್ನೂ ಬೇರೆ ಗಿಡ. ಹೆಸರು ಒಂದೇ ಆದರೂ ಇವು ರಾಸಾಯನಿಕವಾಗಿ ಬೇರೆ ಬೇರೆ ಪದಾರ್ಥಗಳು. ಹೀಗಾಗಿ ‘ಪ್ರೊಪೊಲಿಸ್‌ನಿಂದ ಹೀಗಾಯಿತು’ ಎಂಬ ಯಾವುದೇ ಸುದ್ದಿ ಓದಿದರೂ ‘ಯಾವ ಪ್ರೊಪೊಲಿಸ್?’ ಎಂದು ಮೊದಲು ಕೇಳಿಕೊಳ್ಳಿ.

ಇನ್ನು ಓರಾಕ್. ಪ್ರಯೋಗಾಲಯದ ಕೊಳವೆಯಲ್ಲಿ, ಜೀವಕೋಶಗಳಿಗೆ ಹಾನಿ ಮಾಡಬಲ್ಲ ಚುರುಕು ಕಣಗಳಾದ ಫ್ರೀ ರ್‍ಯಾಡಿಕಲ್‌ಗಳನ್ನು ಹುಟ್ಟಿಸಿ, ಒಂದು ಪದಾರ್ಥ ಅವುಗಳನ್ನು ಎಷ್ಟರಮಟ್ಟಿಗೆ ತಣಿಸುತ್ತದೆ ಎಂದು ಅಳೆಯುವ ವಿಧಾನ ಅದು. ಡಿಪಿಪಿಎಚ್, ಎಬಿಟಿಎಸ್ ಪರೀಕ್ಷೆಗಳೂ ಇದೇ ಜಾತಿಯವು. ಇವುಗಳಲ್ಲಿ ಪ್ರೊಪೊಲಿಸ್ ಭರ್ಜರಿ ಅಂಕ ಗಳಿಸುತ್ತದೆ, ಅನುಮಾನವೇ ಇಲ್ಲ. ಆದರೆ ಕೊಳವೆಯಲ್ಲಿ ಜೀರ್ಣಾಂಗವಿಲ್ಲ, ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ. ಅಮೆರಿಕದ ಕೃಷಿ ಇಲಾಖೆ ತಾನೇ ಪ್ರಕಟಿಸಿದ್ದ ಆಹಾರಗಳ ಓರಾಕ್ ಪಟ್ಟಿಯನ್ನು 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿತು. ಆ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ಸಾಬೀತಾಗಿಲ್ಲ, ಮಾರಾಟಗಾರರು ಅದನ್ನು ದುರುಪಯೋಗ ಮಾಡುತ್ತಿದ್ದಾರೆ ಎಂಬುದು ಅದು ಕೊಟ್ಟ ಕಾರಣ. ಇಷ್ಟು ವರ್ಷ ಕಳೆದ ಮೇಲೂ ಡಬ್ಬಿಯ ಮೇಲೆ ಓರಾಕ್ ಅಚ್ಚು ಹಾಕುವವರ ಉಳಿದ ಮಾತುಗಳನ್ನೂ ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು.

ನುಂಗಿದ ಮೇಲೆ ಏನಾಗುತ್ತದೆ ಎಂಬುದನ್ನು ಕ್ರೈಸಿನ್ ಒಂದನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಆರೋಗ್ಯವಂತರಿಗೆ 400 ಮಿಲಿಗ್ರಾಂ ಶುದ್ಧ ಕ್ರೈಸಿನ್ ನುಂಗಿಸಿ ರಕ್ತ ಪರೀಕ್ಷಿಸಿದಾಗ, ಪ್ಲಾಸ್ಮಾದಲ್ಲಿ ಗರಿಷ್ಠ ಪ್ರಮಾಣ ಪ್ರತಿ ಮಿಲಿಲೀಟರ್‌ಗೆ 3ರಿಂದ 16 ನ್ಯಾನೋಗ್ರಾಂ ಮಾತ್ರ ಇತ್ತು. ಬಹುಪಾಲು ಕರುಳಲ್ಲೇ ಉಳಿದು ಮಲದಲ್ಲಿ ಹೋಯಿತು. ಒಳಗೆ ಸೇರಿದ ಅಲ್ಪಸ್ವಲ್ಪಕ್ಕೂ ಕರುಳಿನ ಗೋಡೆ ಮತ್ತು ಯಕೃತ್ತು ಸಲ್ಫೇಟ್, ಗ್ಲುಕುರೊನೈಡ್ ಗುಂಪುಗಳನ್ನು ಅಂಟಿಸಿ ಹೊರಗೆ ಸಾಗಿಸಿದವು. ಈಗ ಇದನ್ನು ನಿಮ್ಮ ರಕ್ತದಲ್ಲಿ ಈಗಾಗಲೇ ಇರುವ ಯೂರಿಕ್ ಆಮ್ಲದ ಜೊತೆ ಹೋಲಿಸಿ. ಅದೂ ಒಂದು ಆಂಟಿಆಕ್ಸಿಡೆಂಟೇ. ಲ್ಯಾಬ್ ವರದಿಯಲ್ಲಿ ಡೆಸಿಲೀಟರ್‌ಗೆ 5 ಮಿಲಿಗ್ರಾಂ ಎಂದಿದ್ದರೆ, ಪ್ರತಿ ಮಿಲಿಲೀಟರ್‌ಗೆ 50,000 ನ್ಯಾನೋಗ್ರಾಂ ಎಂದರ್ಥ. ಕ್ರೈಸಿನ್‌ನ ಗರಿಷ್ಠ ಅಂಕಿಗಿಂತ ಇದು ಮೂರು ಸಾವಿರ ಪಟ್ಟಿಗೂ ಹೆಚ್ಚು. ಒಂದು ಪ್ರೊಪೊಲಿಸ್ ಕ್ಯಾಪ್ಸೂಲಿನಲ್ಲಿ 400 ಮಿಲಿಗ್ರಾಂ ಕ್ರೈಸಿನ್ ಇರುವುದೂ ಇಲ್ಲ. ಎಲ್ಲ ಸಂಯುಕ್ತಗಳೂ ಕ್ರೈಸಿನ್‌ನಷ್ಟು ಹಟಮಾರಿಯಲ್ಲ, ನಿಜ. ಆದರೂ ಪ್ರೊಪೊಲಿಸ್ ರಕ್ತದಲ್ಲಿ ಓಡಾಡಿ ಫ್ರೀ ರ್‍ಯಾಡಿಕಲ್‌ಗಳನ್ನು ಒಂದೊಂದಾಗಿ ಹಿಡಿದು ಹಾಕುತ್ತದೆ ಎಂಬ ಜಾಹೀರಾತಿನ ಚಿತ್ರ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಪರಿಣಾಮ ಎಲ್ಲಿಂದ ಬರುತ್ತದೆ? ಈಗ ಹೆಚ್ಚು ಒಪ್ಪಿತವಾಗಿರುವ ವಿವರಣೆ ಹೀಗಿದೆ. ಜೀವಕೋಶದೊಳಗೆ ಎನ್‌ಆರ್‌ಎಫ್2 ಎಂಬ ಪ್ರೊಟೀನು ಇದೆ. ಮಾಮೂಲಿ ಸ್ಥಿತಿಯಲ್ಲಿ ಕೀಪ್1 ಎಂಬ ಇನ್ನೊಂದು ಪ್ರೊಟೀನು ಅದನ್ನು ಕಟ್ಟಿಹಾಕಿಕೊಂಡಿರುತ್ತದೆ. ಕೆಫೀಕ್ ಆಮ್ಲದ ಎಸ್ಟರ್‌ಗಳಂಥ ಸಂಯುಕ್ತಗಳು ಸ್ವಲ್ಪ ಪ್ರಮಾಣದಲ್ಲಿ ಬಂದು ಕೀಪ್1 ಅನ್ನು ಕೆಣಕಿದಾಗ ಎನ್‌ಆರ್‌ಎಫ್2 ಬಿಡುಗಡೆಯಾಗಿ ಜೀವಕೋಶದ ಕೇಂದ್ರಕ್ಕೆ ಹೋಗಿ, ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ತಯಾರಿಸುವ ಕಿಣ್ವಗಳು, ಹೀಮ್ ಆಕ್ಸಿಜನೇಸ್ ಮುಂತಾದವುಗಳ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಅಂದರೆ ರಕ್ಷಣೆಯ ಕೆಲಸ ಮಾಡುವುದು ದೇಹವೇ. ಪ್ರೊಪೊಲಿಸ್ ಅದನ್ನು ಸ್ವಲ್ಪ ಚುಚ್ಚಿ ಎಬ್ಬಿಸುತ್ತದೆ, ಅಷ್ಟೆ. ಇದರ ಬಹುಪಾಲು ಸಾಕ್ಷ್ಯ ಜೀವಕೋಶ ಮತ್ತು ಇಲಿಗಳ ಪ್ರಯೋಗಗಳಿಂದ ಬಂದದ್ದು. ಆದರೆ ಮನುಷ್ಯರಲ್ಲಿ ಕಂಡ ಫಲಿತಾಂಶಗಳಿಗೆ ಇದು ಹೊಂದುತ್ತದೆ: ಅಲ್ಲಿ ಪದೇ ಪದೇ ಏರುವುದು ಗ್ಲುಟಾಥಯೋನ್. ಚುಚ್ಚಿ ಎಬ್ಬಿಸುವ ಕೆಲಸವಾದ್ದರಿಂದ ಹೆಚ್ಚು ನುಂಗಿದಷ್ಟೂ ಹೆಚ್ಚು ಲಾಭ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮನುಷ್ಯರ ಪ್ರಯೋಗಗಳಲ್ಲಿ ನಿಮಗೆ ನೇರವಾಗಿ ಸಂಬಂಧಪಡುವವು ಟೈಪ್ 2 ಮಧುಮೇಹಿಗಳ ಮೇಲೆ ಚೀನಾದಲ್ಲಿ ನಡೆದ ಎರಡು. ಒಂದರಲ್ಲಿ ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್, ಇನ್ನೊಂದರಲ್ಲಿ ಚೀನಾದ್ದೇ ಪ್ರೊಪೊಲಿಸ್. ಎರಡರಲ್ಲೂ ದಿನಕ್ಕೆ 900 ಮಿಲಿಗ್ರಾಂ, 18 ವಾರ. ಎರಡರಲ್ಲೂ ರಕ್ತದ ಗ್ಲುಟಾಥಯೋನ್ ಏರಿತು. ಎರಡರಲ್ಲೂ ಸಕ್ಕರೆಯಾಗಲಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಆಗಲಿ ಗಣನೀಯವಾಗಿ ಇಳಿಯಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಖಾಲಿಹೊಟ್ಟೆಯ ಸಕ್ಕರೆ ತುಸು ಇಳಿದಂತೆ ಕಾಣುತ್ತದೆ. ಆದರೆ ಅವುಗಳಲ್ಲಿ ಸೇರಿದ ಪ್ರಯೋಗಗಳು ಸಣ್ಣವು, ಬಳಸಿದ ಪ್ರೊಪೊಲಿಸ್ ಬೇರೆ ಬೇರೆ. ಆ ಇಳಿಕೆಯನ್ನು ನಂಬಿ ಮೆಟ್‌ಫಾರ್ಮಿನ್ ಕಡಿಮೆ ಮಾಡುವಂತಿಲ್ಲ.

ಆರೋಗ್ಯವಂತರ ಮೇಲಿನ ಪ್ರಯೋಗಗಳೂ ಇವೆ. ಬ್ರೆಜಿಲ್‌ನಲ್ಲಿ ಪ್ರಮಾಣೀಕರಿಸಿದ ಸಾರವನ್ನು ದಿನಕ್ಕೆ 375 ಮತ್ತು 750 ಮಿಲಿಗ್ರಾಂ ಪ್ರಮಾಣದಲ್ಲಿ ಸುಮಾರು ಒಂದೊಂದು ವಾರ ಕೊಟ್ಟಾಗ ಕೊಬ್ಬು ಮತ್ತು ಡಿಎನ್‌ಎ ಹಾನಿಯ ಗುರುತುಗಳು ಇಳಿದವು. ಕ್ರೊಯೇಷಿಯಾದ ಹಳೆಯ ಪ್ರಯೋಗವೊಂದರಲ್ಲಿ 30 ದಿನ ಪ್ರೊಪೊಲಿಸ್ ಪುಡಿ ಕೊಟ್ಟಾಗ ಗಂಡಸರಲ್ಲಿ ಮೊದಲ 15 ದಿನಕ್ಕೆ ಕೊಬ್ಬಿನ ಹಾನಿ ತೋರಿಸುವ ಎಂಡಿಎ ಎಂಬ ಗುರುತು ಶೇ 23ರಷ್ಟು ಇಳಿಯಿತು. ಹೆಂಗಸರಲ್ಲಿ ಏನೂ ಆಗಲಿಲ್ಲ. ಮಾರಾಟದ ಕರಪತ್ರಗಳಲ್ಲಿ ಮೊದಲ ವಾಕ್ಯ ಮಾತ್ರ ಕಾಣಿಸುವುದು ಸಾಮಾನ್ಯ.

ಈ ಗುರುತುಗಳನ್ನು ಓದುವಾಗಲೂ ಸ್ವಲ್ಪ ಹುಷಾರಾಗಿರಬೇಕು. ಎಂಡಿಎಯನ್ನು ಬಣ್ಣ ನೋಡಿ ಅಳೆಯುವ ಟಿಬಾರ್ಸ್ ವಿಧಾನದಲ್ಲಿ ಅಳೆದರೆ ರಕ್ತದಲ್ಲಿನ ಬೇರೆ ಪದಾರ್ಥಗಳೂ ಅದೇ ಬಣ್ಣ ಕೊಟ್ಟು ಅಂಕಿ ಕೆಡಿಸುತ್ತವೆ. ಕೊಬ್ಬಿನ ಹಾನಿಯದೇ ಇನ್ನೊಂದು ಗುರುತಾದ ಐಸೊಪ್ರಾಸ್ಟೇನ್‌ನ ಅಳತೆ ಹೆಚ್ಚು ನಂಬಬಹುದಾದದ್ದು. ‘ಒಟ್ಟು ಆಂಟಿಆಕ್ಸಿಡೆಂಟ್ ಸಾಮರ್ಥ್ಯ’ ಎಂಬ ಪರೀಕ್ಷೆಯಲ್ಲಂತೂ ದೊಡ್ಡ ಪಾಲು ಯೂರಿಕ್ ಆಮ್ಲದ್ದೇ. ಯೂರಿಕ್ ಆಮ್ಲ ಏರಿದರೂ ಆ ಅಂಕಿ ಏರುತ್ತದೆ, ಅದು ಸಂತೋಷಪಡುವ ವಿಷಯವಲ್ಲ. ಆದ್ದರಿಂದ ದುಡ್ಡು ಕೊಟ್ಟು ಲ್ಯಾಬ್‌ನಲ್ಲಿ ಆ ಪರೀಕ್ಷೆ ಮಾಡಿಸಬೇಡಿ.

ಇವೆಲ್ಲ ಗುರುತುಗಳು ಮಾತ್ರ. ಗುರುತು ಸುಧಾರಿಸಿದರೆ ಹೃದಯಾಘಾತ, ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂದು ಪ್ರೊಪೊಲಿಸ್ ವಿಷಯದಲ್ಲಿ ಯಾರೂ ತೋರಿಸಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಪ್ರೊಪೊಲಿಸ್‌ನ ಆರೋಗ್ಯ ಹೇಳಿಕೆಗಳನ್ನು ಒಪ್ಪದೆ ತಳ್ಳಿಹಾಕಿತು. ಪದಾರ್ಥ ಯಾವುದೆಂದೇ ಸರಿಯಾಗಿ ನಿರೂಪಿಸಿಲ್ಲ ಎಂಬುದು ಅದರ ಮುಖ್ಯ ಆಕ್ಷೇಪ. ಆಂಟಿಆಕ್ಸಿಡೆಂಟ್ ಎಂದಾಕ್ಷಣ ನಿರಪಾಯ ಎಂದುಕೊಳ್ಳುವಂತೆಯೂ ಇಲ್ಲ. ಫಿನ್ಲೆಂಡ್‌ನಲ್ಲಿ ಧೂಮಪಾನಿಗಳಿಗೆ ಬೀಟಾ ಕೆರೊಟಿನ್ ಕೊಟ್ಟ ದೊಡ್ಡ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ, ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು.

ಪ್ರೊಪೊಲಿಸ್ ಕೆಲಸ ಮಾಡುವುದು ಚೆನ್ನಾಗಿ ಕಾಣಿಸುವುದು ಅದು ರಕ್ತಕ್ಕೆ ಸೇರಬೇಕಾದ ಅಗತ್ಯವೇ ಇಲ್ಲದ ಕಡೆ. ಬಾಯಿಹುಣ್ಣು, ತುಟಿಯ ಮೇಲಿನ ಹರ್ಪಿಸ್ ಗುಳ್ಳೆ, ಕ್ಯಾನ್ಸರ್ ಚಿಕಿತ್ಸೆಯಿಂದ ಬಾಯಿಯ ಒಳಪೊರೆ ಕಿತ್ತುಹೋಗುವುದು, ಇವುಗಳಲ್ಲಿ ಮುಲಾಮು ಅಥವಾ ಬಾಯಿ ಮುಕ್ಕಳಿಸುವ ದ್ರಾವಣವಾಗಿ ಬಳಸಿದ ಪ್ರಯೋಗಗಳ ಫಲಿತಾಂಶ ಉತ್ತೇಜಕವಾಗಿದೆ. ರಾಳ ನೇರವಾಗಿ ಗಾಯಕ್ಕೆ ತಾಗುತ್ತದೆ, ಪ್ರಮಾಣವೂ ಸಾಕಷ್ಟು ಸಿಗುತ್ತದೆ.

ಈಗ ಪ್ರಮಾಣದ ವಿಷಯಕ್ಕೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರಯೋಗಗಳಲ್ಲಿ ಬಳಸಿದ್ದು ದಿನಕ್ಕೆ ಹೆಚ್ಚುಕಡಿಮೆ 225ರಿಂದ 900 ಮಿಲಿಗ್ರಾಂ. ಇಲಿಗಳ ಪ್ರಯೋಗದಲ್ಲಿ ತೊಂದರೆ ಕಾಣದ ಪ್ರಮಾಣವನ್ನು ಸಾವಿರದಿಂದ ಭಾಗಿಸಿ, ಮನುಷ್ಯರಿಗೆ ದಿನಕ್ಕೆ ಸುಮಾರು 70 ಮಿಲಿಗ್ರಾಂ ಸುರಕ್ಷಿತ ಎಂದು 1998ರ ಒಂದು ವಿಮರ್ಶೆ ಅಂದಾಜಿಸಿತ್ತು. ಆಮೇಲಿನ ಪ್ರಯೋಗಗಳು ಅದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟಿವೆ. ಅಂಥ ಪ್ರಯೋಗಗಳು ಹೆಚ್ಚೆಂದರೆ ಕೆಲವು ತಿಂಗಳ ಕಾಲ, ಅಪರೂಪಕ್ಕೆ ಒಂದು ವರ್ಷ ನಡೆದವು. ನಿಮ್ಮಂಥವರಿಗೆ ದಿನಕ್ಕೆ 400ರಿಂದ 500 ಮಿಲಿಗ್ರಾಂ ಒಣ ಸಾರವನ್ನು ಎರಡು ಪಾಲು ಮಾಡಿ ಊಟವಾದ ಮೇಲೆ ತೆಗೆದುಕೊಳ್ಳುವುದು ಸಮಂಜಸ. 900 ದಾಟಲು ಯಾವ ಕಾರಣವೂ ಇಲ್ಲ.

‘ಒಣ ಸಾರ’ ಎಂಬುದನ್ನು ಗಮನಿಸಿ, ಅಂದರೆ ಮೇಣ ಬಿಟ್ಟು ಕರಗಿ ಬಂದ ರಾಳವನ್ನು ಒಣಗಿಸಿದ್ದು. ‘ಪ್ರೊಪೊಲಿಸ್ 500 ಮಿಲಿಗ್ರಾಂ’ ಎಂದಷ್ಟೇ ಬರೆದ ಕ್ಯಾಪ್ಸೂಲಿನಲ್ಲಿ ಕಚ್ಚಾ ಪುಡಿ ಇರಬಹುದು. ಹಾಗಿದ್ದರೆ ಅದರಲ್ಲಿ ಅರ್ಧದಷ್ಟು ಮೇಣ ಮತ್ತು ಕಸರು. ಹನಿಗಳ ಬಾಟಲಿಯಲ್ಲಿ ಗೊಂದಲ ಇನ್ನೂ ಜಾಸ್ತಿ. ‘30%’ ಎಂದರೆ ಕೆಲವರಿಗೆ 100 ಮಿಲಿಲೀಟರ್‌ನಲ್ಲಿ 30 ಗ್ರಾಂ ಒಣ ಸಾರ. ಇನ್ನು ಕೆಲವರಿಗೆ 30 ಗ್ರಾಂ ಕಚ್ಚಾ ಪದಾರ್ಥ ನೆನೆಹಾಕಿ ಸೋಸಿದ್ದು. ಎರಡನೆಯದರಲ್ಲಿ ಒಣ ಸಾರ ಸುಮಾರು 15 ಗ್ರಾಂ ಮಾತ್ರ. ಹನಿಯ ಗಾತ್ರವೂ ಮೋಸ ಮಾಡುತ್ತದೆ: ನೀರಾದರೆ 20 ಹನಿಗೆ ಒಂದು ಮಿಲಿಲೀಟರ್, ಆಲ್ಕೋಹಾಲ್ ದ್ರಾವಣದ ಹನಿಗಳು ಸಣ್ಣವು, ಒಂದು ಮಿಲಿಲೀಟರ್‌ಗೆ 35, 40 ಬೇಕಾಗುತ್ತವೆ. 10% ಒಣ ಸಾರದ ಬಾಟಲಿಯಿಂದ 40 ಹನಿ ಹಾಕಿಕೊಂಡರೆ ಸಿಗುವುದು ಸುಮಾರು 100 ಮಿಲಿಗ್ರಾಂ. ‘ದಿನಕ್ಕೆ 5 ಹನಿ’ ಎಂಬ ಸಲಹೆಯಿಂದ ರಕ್ತದಲ್ಲಿ ಏನೂ ಬದಲಾಗುವುದಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ನಿಮ್ಮ ಉದ್ದೇಶಕ್ಕೆ ಕ್ಯಾಪ್ಸೂಲೇ ಸರಿ. ಹನಿ ಬಾಯಿ, ಗಂಟಲಿನ ತೊಂದರೆಗೆ ಇರಲಿ.

ಕೊಳ್ಳುವಾಗ ಲೇಬಲ್ ಮೇಲೆ ಇವಿಷ್ಟು ಹುಡುಕಿ: ಒಣ ಸಾರದ ಮಿಲಿಗ್ರಾಂ, ಒಟ್ಟು ಫ್ಲೇವನಾಯ್ಡ್ ಅಥವಾ ಫೀನಾಲ್ ಪ್ರಮಾಣ, ಪ್ರೊಪೊಲಿಸ್‌ನ ಮೂಲ ಸಸ್ಯ ಅಥವಾ ದೇಶ, ಬ್ಯಾಚ್ ಸಂಖ್ಯೆ, ಸೀಸದ ಪರೀಕ್ಷೆಯ ವರದಿ ಸಿಗುತ್ತದೆಯೇ ಎಂಬುದು. ಸೀಸ ಏಕೆಂದರೆ, ಹಳೆಯ ಪೆಟ್ಟಿಗೆಗಳಿಂದ ಉಳಿಯಲ್ಲಿ ಕೆರೆದು ತೆಗೆದ ಪ್ರೊಪೊಲಿಸ್‌ನಲ್ಲಿ ಬಣ್ಣದ ಚೂರು, ಮೊಳೆಯ ತುಕ್ಕು ಸೇರಿರುತ್ತದೆ. ಗಾಳಿಯಲ್ಲಿನ ಸೀಸದ ಧೂಳೂ ಅಂಟಿಗೆ ಹಿಡಿಯುತ್ತದೆ. ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಜಾಲರಿ ಇಟ್ಟು ಸಂಗ್ರಹಿಸಿದ್ದು ಹೆಚ್ಚು ಶುದ್ಧ. ನುಸಿ ಕಾಟಕ್ಕೆಂದು ಗೂಡಿನೊಳಗೆ ಇಡುವ ಔಷಧಗಳೂ ಮೇಣ, ರಾಳಗಳಲ್ಲೇ ಸೇರಿಕೊಳ್ಳುತ್ತವೆ. ಪಾಪ್ಲರ್ ಮೊಗ್ಗನ್ನೇ ಕುದಿಸಿ ತೆಗೆದ ಅಂಟನ್ನು ಪ್ರೊಪೊಲಿಸ್ ಎಂದು ಮಾರುವ ಕಲಬೆರಕೆ ಚೀನಾದಲ್ಲಿ ದೊಡ್ಡ ತಲೆನೋವಾಗಿತ್ತು. ಅದನ್ನು ಹಿಡಿಯುವ ಒಂದು ಉಪಾಯ ಸ್ವಾರಸ್ಯವಾಗಿದೆ: ಮರದ ಅಂಟಿನಲ್ಲಿ ಸ್ಯಾಲಿಸಿನ್ ಇರುತ್ತದೆ, ನಿಜವಾದ ಪ್ರೊಪೊಲಿಸ್‌ನಲ್ಲಿ ಇರುವುದಿಲ್ಲ, ಯಾಕೆಂದರೆ ನೊಣದ ಕಿಣ್ವ ಅದನ್ನು ಒಡೆದುಹಾಕಿರುತ್ತದೆ.

ಅಲರ್ಜಿಯೇ ಇದರ ಮುಖ್ಯ ಅಪಾಯ. ಮುಖ್ಯ ಅಪರಾಧಿ ಕೆಫೀಕ್ ಆಮ್ಲದ ಎಸ್ಟರ್‌ಗಳು, ಅಂದರೆ ಲಾಭದ ಕಾರಣಕ್ಕೆ ಹೊಗಳಿಸಿಕೊಳ್ಳುವ ಅದೇ ಗುಂಪು. ತುಟಿ ಊತ, ಬಾಯಿಯ ಸುತ್ತ ತುರಿಕೆ, ನಾಲಗೆ ಉರಿ, ಮೈಮೇಲೆ ಗಂಧೆ ಕಾಣಿಸಿಕೊಂಡರೆ ತಕ್ಷಣ ನಿಲ್ಲಿಸಿ. ಈ ಅಲರ್ಜಿ ಹೆಚ್ಚಾಗಿ ಎರಡು ಮೂರು ದಿನ ತಡವಾಗಿ ಕಾಣಿಸುವ ಬಗೆಯದ್ದು, ಆದ್ದರಿಂದ ಮೊದಲ ದಿನ ಏನೂ ಆಗಲಿಲ್ಲವೆಂದು ಪೂರ್ತಿ ಪ್ರಮಾಣಕ್ಕೆ ಹೋಗಬೇಡಿ. ಮೊದಲ ನಾಲ್ಕು ದಿನ ಕಾಲು ಭಾಗ, ಮುಂದಿನ ನಾಲ್ಕು ದಿನ ಅರ್ಧ, ಆಮೇಲೆ ಪೂರ್ತಿ. ಉಸಿರಾಟ ಕಟ್ಟಿದಂತಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಆಸ್ತಮಾ ಇರುವವರು, ಪೆರು ಬಾಲ್ಸಮ್ ಎಂಬ ಮರದ ಸುಗಂಧ ಅಂಟಿ‌ಗೆ ಅಲರ್ಜಿ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದರ ತಂಟೆಗೆ ಹೋಗದಿರುವುದು ಮೇಲು. ಕೀಮೋಥೆರಪಿ, ರೇಡಿಯೋಥೆರಪಿ ನಡೆಯುತ್ತಿರುವವರು ಕ್ಯಾನ್ಸರ್ ತಜ್ಞರನ್ನು ಕೇಳದೆ ನುಂಗಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಶುರುಮಾಡಿದರೂ ನಿಲ್ಲಿಸಿದರೂ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ತೋರಿಸುವ ಐಎನ್‌ಆರ್ ನೋಡಿಸಬೇಕು. ಶಸ್ತ್ರಚಿಕಿತ್ಸೆ ಇದ್ದರೆ ಎರಡು ವಾರ ಮೊದಲೇ ಬಿಡಿ.

ನಿಮ್ಮ ಔಷಧಿಗಳ ಮಟ್ಟಿಗೆ: ಅಟೋರ್ವಾಸ್ಟಾಟಿನ್ ಅನ್ನು ದೇಹ ಕರಗಿಸುವುದು ಸಿವೈಪಿ3ಎ4 ಎಂಬ ಕಿಣ್ವದಿಂದ. ಪ್ರಯೋಗಾಲಯದಲ್ಲಿ ಪ್ರೊಪೊಲಿಸ್ ಈ ಬಳಗದ ಕಿಣ್ವಗಳನ್ನು ತಡೆಯುತ್ತದೆ. ಆದರೆ ದಿನಕ್ಕೆ 375 ಮಿಲಿಗ್ರಾಂನಂತೆ 15 ದಿನ ಆರೋಗ್ಯವಂತರಿಗೆ ಕೊಟ್ಟು ನೋಡಿದಾಗ ವ್ಯತ್ಯಾಸ ಶೇ 20ರ ಆಸುಪಾಸಿನೊಳಗೇ ಇತ್ತು, ಚಿಂತೆಪಡುವಷ್ಟಲ್ಲ. ಪ್ರಮಾಣ ಹೆಚ್ಚಿಸಿಕೊಂಡು ಹೋದರೆ ಆ ಭರವಸೆ ಇಲ್ಲ. ಕಾರಣವಿಲ್ಲದೆ ಮಾಂಸಖಂಡಗಳು ನೋಯತೊಡಗಿದರೆ ಪ್ರೊಪೊಲಿಸ್ ಬಿಟ್ಟು ವೈದ್ಯರಿಗೆ ಹೇಳಿ. ಮೆಟ್‌ಫಾರ್ಮಿನ್ ಇರುವುದರಿಂದ ಮೂತ್ರಪಿಂಡದ ಮೇಲೂ ಕಣ್ಣಿಡಬೇಕು. ಇಲ್ಲಿ ಸಾಕ್ಷ್ಯ ಎರಡೂ ಕಡೆ ಇದೆ: ಬ್ರೆಜಿಲ್‌ನಲ್ಲಿ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ 32 ರೋಗಿಗಳ ಪ್ರಯೋಗದಲ್ಲಿ ದಿನಕ್ಕೆ 500 ಮಿಲಿಗ್ರಾಂ ಒಂದು ವರ್ಷ ಕೊಟ್ಟಾಗ ಮೂತ್ರದಲ್ಲಿ ಹೋಗುವ ಪ್ರೊಟೀನ್ ಕಡಿಮೆಯಾಯಿತು, 2005ರಲ್ಲಿ ವರದಿಯಾದ ಒಬ್ಬ ರೋಗಿಯಲ್ಲಿ ಮಾತ್ರ ಪ್ರೊಪೊಲಿಸ್ ತೆಗೆದುಕೊಂಡಾಗ ಮೂತ್ರಪಿಂಡ ಕೆಟ್ಟು, ಬಿಟ್ಟಾಗ ಸುಧಾರಿಸಿ, ಮತ್ತೆ ತೆಗೆದುಕೊಂಡಾಗ ಮತ್ತೆ ಕೆಟ್ಟಿತು. ಶುರುಮಾಡುವ ಮುನ್ನ ಮೂತ್ರಪಿಂಡ, ಯಕೃತ್ತು, ಸಕ್ಕರೆಯ ಪರೀಕ್ಷೆಗಳಾದ ಕ್ರಿಯಾಟಿನಿನ್, ಎಎಲ್‌ಟಿ, ಎಚ್‌ಬಿಎ1ಸಿ ಮಾಡಿಸಿ. 12 ವಾರಕ್ಕೆ ಮತ್ತೊಮ್ಮೆ. ಆ ಅವಧಿಯಲ್ಲಿ ಬೇರೆ ಹೊಸ ಗುಳಿಗೆ, ಹೊಸ ಪಥ್ಯ ಶುರುಮಾಡಬೇಡಿ, ಇಲ್ಲವಾದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. 12 ವಾರಕ್ಕೆ ಏನೂ ವ್ಯತ್ಯಾಸ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಮನೆಯಲ್ಲಿ ಟಿಂಚರ್ ಮಾಡಬಹುದು, ಮೂಲ ಶುದ್ಧವಾಗಿದ್ದರೆ. 20 ಗ್ರಾಂ ಕಚ್ಚಾ ಪ್ರೊಪೊಲಿಸ್ ಅನ್ನು ಎರಡು ಗಂಟೆ ಫ್ರೀಜರ್‌ನಲ್ಲಿಡಿ. ತಣ್ಣಗಾದರೆ ಅದು ಗಾಜಿನಂತೆ ಪುಡಿಯಾಗುತ್ತದೆ, ಬೆಚ್ಚಗಿದ್ದರೆ ಕುಟ್ಟಾಣಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಪುಡಿಯನ್ನು ಕಂದು ಬಣ್ಣದ ಗಾಜಿನ ಬಾಟಲಿಗೆ ಹಾಕಿ 70% ಎಥೆನಾಲ್ 100 ಮಿಲಿಲೀಟರ್ ಸುರಿಯಿರಿ. 95% ಎಥೆನಾಲ್ ಇದ್ದರೆ 74 ಮಿಲಿಲೀಟರ್‌ಗೆ ಶುದ್ಧ ನೀರು ಬೆರೆಸಿ 100ಕ್ಕೆ ತನ್ನಿ. ಆಹಾರಕ್ಕೆ ಯೋಗ್ಯವಾದ ಎಥೆನಾಲ್ ಮಾತ್ರ. ಸರ್ಜಿಕಲ್ ಸ್ಪಿರಿಟ್, ಪಾಲಿಶ್ ಸ್ಪಿರಿಟ್‌ಗಳಲ್ಲಿ ಮೆಥನಾಲ್‌ನಂಥ ವಿಷ ಬೆರೆತಿರಬಹುದು, ಕಣ್ಣು ಹೋಗುವ, ಜೀವ ಹೋಗುವ ಅಪಾಯವಿದೆ. ಆಲ್ಕೋಹಾಲ್ ತೀರಾ ಗಟ್ಟಿಯಾದರೆ ಮೇಣವೂ ಕರಗಿ ಬರುತ್ತದೆ, 50ಕ್ಕಿಂತ ಕಡಿಮೆಯಾದರೆ ರಾಳ ಗಡ್ಡೆಯಾಗಿ ತಳದಲ್ಲೇ ಕೂರುತ್ತದೆ. ಕತ್ತಲಲ್ಲಿ ಎರಡು ವಾರ ಇಟ್ಟು ದಿನಕ್ಕೆ ಎರಡು ಸಲ ಅಲುಗಾಡಿಸಿ. ಬಿಸಿ ಮಾಡಬೇಡಿ. ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ತಳಕ್ಕಿಳಿದ ಮೇಣದ ಪದರವನ್ನು ಬಿಟ್ಟು ಸೋಸುಕಾಗದದಲ್ಲಿ ಇನ್ನೊಮ್ಮೆ ಸೋಸಿ.

ಎಷ್ಟು ಗಟ್ಟಿಯಿದೆ ಎಂದು ತಿಳಿಯಲು ತೂಕ ನೋಡಿದ ಚಿಕ್ಕ ತಟ್ಟೆಗೆ 5 ಮಿಲಿಲೀಟರ್ ಹಾಕಿ, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಲು ಬಿಡಿ. ಅರ್ಧ ಗ್ರಾಂ ಉಳಿದರೆ ಅದು 10% ಸಾರ. 0.2 ಗ್ರಾಂ ಮಾತ್ರ ಉಳಿದರೆ ನಿಮಗೆ ಸಿಕ್ಕ ಕಚ್ಚಾ ಪದಾರ್ಥದಲ್ಲಿ ಮೇಣವೇ ಜಾಸ್ತಿ ಇತ್ತೆಂದು ತಿಳಿಯಿರಿ. ನಿಮ್ಮ ಡ್ರಾಪರ್‌ನಲ್ಲಿ ಒಂದು ಮಿಲಿಲೀಟರ್‌ಗೆ ಎಷ್ಟು ಹನಿ ಎಂಬುದನ್ನೂ ಒಮ್ಮೆ ಎಣಿಸಿ ಬಾಟಲಿಯ ಮೇಲೆ ಬರೆದಿಡಿ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವುದು ಸಹಜ, ಕೆಟ್ಟಿದೆ ಎಂದಲ್ಲ. ಆದರೆ ರಾಳ ಲೋಟದ ಗೋಡೆಗೆ ಹಿಡಿದುಕೊಂಡು ಅರ್ಧ ಪ್ರಮಾಣ ಅಲ್ಲೇ ಉಳಿಯುತ್ತದೆ, ಹಾಗಾಗಿ ಚಮಚದಲ್ಲಿ ಯಾವುದಾದರೂ ತಿನಿಸಿನ ಮೇಲೆ ಹಾಕಿಕೊಂಡು ನುಂಗಿ. ಸೋಂಕಿನ ಔಷಧಿಯಾದ ಮೆಟ್ರೊನಿಡಜೋಲ್ ಕೋರ್ಸ್ ನಡೆಯುತ್ತಿದ್ದರೆ ಅಥವಾ ಮದ್ಯ ಬಿಡಿಸುವ ಡೈಸಲ್ಫಿರಾಮ್ ತೆಗೆದುಕೊಳ್ಳುತ್ತಿದ್ದರೆ ಈ ಟಿಂಚರ್ ಮುಟ್ಟಬೇಡಿ. ಲೋಟಕ್ಕೆ ಹಿಡಿದ ಕಲೆ ಸೋಪಿಗೆ ಬಗ್ಗುವುದಿಲ್ಲ; ಅದೇ ಎಥೆನಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.